ಹಂಚಿಕೊಂಡು ಎಣಿಸುವ ಯಂತ್ರಗಳು

ಪ್ರಾಥಮಿಕ ಶಾಲೆಯಲ್ಲಿ ನಾವೆಲ್ಲರೂ ಮಾಡಿದ ತ್ರೈರಾಶಿಯ ಲೆಕ್ಕವೊಂದಿದೆ. ಹತ್ತು ಆಳುಗಳು ಒಂದು ಗೋಡೆಯನ್ನು ಹತ್ತು ದಿನಗಳಲ್ಲಿ ಕಟ್ಟಿದರೆ, ನೂರು ಆಳುಗಳು ಅದೇ ಗೋಡೆಯನ್ನು ಎಷ್ಟು ದಿನಗಳಲ್ಲಿ ಕಟ್ಟುವರು? ಒಂದು ದಿನವೆಂದು ಬರೆದು ಪೂರ್ಣ ಅಂಕ ಪಡೆದವರು ನಾವು. ಅದೇ ತರ್ಕವನ್ನು ಮುಂದೊಯ್ದರೆ, ದಿನವೆಂದರೆ 24 ಗಂಟೆಯೆಂದೇ ಹಿಡಿದರೂ, ಒಂದು ಲಕ್ಷ ಆಳುಗಳು ಆ ಗೋಡೆಯನ್ನು ಒಂದೂವರೆ ನಿಮಿಷದೊಳಗಾಗಿ ಎಬ್ಬಿಸಿಬಿಡಬೇಕು! ಅಷ್ಟು ಜನ ನಿಲ್ಲುವುದೆಲ್ಲಿ, ಅವರಿಗೆ ಗಾರೆ ಒದಗಿಸುವವರು ಯಾರು, ಕೆಳಗಿನ ವರಸೆ ಏಳುವುದಕ್ಕೆ ಮುಂಚೆ ಮೇಲಿನ ವರಸೆಯ ಇಟ್ಟಿಗೆಯನ್ನು ಇಡುವುದೆಂತು ಎಂಬ ಪ್ರಶ್ನೆಗಳನ್ನು ತ್ರೈರಾಶಿ ಕೇಳುವುದಿಲ್ಲ. ಇಂದಿನ ಮಹಾಗಣಕಗಳಿಗೆ ಕೆಲಸ ಹಚ್ಚುವವರು ಮಾತ್ರ ದಿನ ಬೆಳಗಾದರೆ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಇವೇ.

ಅರ್ಥಶಾಸ್ತ್ರ, ಸಂಖ್ಯಾಶಾಸ್ತ್ರಗಳನ್ನು ಐಚ್ಛಿಕವಾಗಿ ಆರಿಸಿಕೊಂಡಿರುವ ನನಗೆ ಈ ವಿಷಯದಲ್ಲಿ ಕುತೂಹಲ ಹುಟ್ಟಿದುದು ಶ್ರಮವಿಭಜನೆಯ ಪಾಠದಿಂದ. ಆಡಂ ಸ್ಮಿತ್ 1776ರಲ್ಲಿ ವರ್ಣಿಸಿದ ಗುಂಡುಸೂಜಿಯ ಕಾರ್ಖಾನೆಯಲ್ಲಿ ಹತ್ತು ಜನ ಕೆಲಸ ಹಂಚಿಕೊಂಡು ದಿನಕ್ಕೆ 48,000 ಸೂಜಿಗಳನ್ನು ಮಾಡುತ್ತಿದ್ದರು. ಹಂಚಿದರೆ ಲಾಭವೆಂಬುದು ಅಲ್ಲಿಯ ಪಾಠ. ಹಂಚಿಕೊಂಡವರು ಒಬ್ಬರೊಡನೊಬ್ಬರು ಮಾತಾಡಬೇಕಾಗಿ ಬಂದರೆ ಆ ಮಾತಿಗೂ ಬೆಲೆ ಇದೆ; ಕೆಲವೊಮ್ಮೆ ಕೆಲಸಕ್ಕಿಂತ ಮಾತೇ ದುಬಾರಿಯಾಗುತ್ತದೆ. ಅದನ್ನು ಹತ್ತಿಕ್ಕಲು ಕಂಡುಕೊಂಡಿರುವ ‘ಮಿಶ್ರ ಸಮಾಂತರತೆ’ ಅಥವಾ ‘ಹೈಬ್ರಿಡ್’ ಎಂಬ ಕ್ರಮವನ್ನು ಸ್ಥೂಲವಾಗಿ ತಿಳಿಸುವುದು ನನ್ನ ಉದ್ದೇಶ. ವಿಜ್ಞಾನದ ಅಧ್ಯಾಪಕರು ಈ ಕಲಾ ವಿದ್ಯಾರ್ಥಿಯ ಸಾಹಸವನ್ನು ಮನ್ನಿಸಬೇಕು.

ಉದಾಹರಣೆಗಾಗಿ ಹವಾಮಾನದ ಮುನ್ಸೂಚನೆಯನ್ನೇ ತೆಗೆದುಕೊಳ್ಳುತ್ತೇನೆ. ಮುಂಗಾರನ್ನು ನಂಬಿ ಬಿತ್ತುವ ನಾಡಿನವರಿಗೆ ಇದಕ್ಕಿಂತ ಹತ್ತಿರದ ಗಣಿತವಿಲ್ಲ. ಅಲ್ಲದೆ ಇದು ಗಡುವಿರುವ ಗಣಿತ. ನಾಳಿನ ಮಳೆಯ ಲೆಕ್ಕ ನಾಡಿದ್ದು ಮುಗಿದರೆ ಅದು ಮುನ್ಸೂಚನೆಯಲ್ಲ, ಚರಿತ್ರೆ.

ಗಣಕಯಂತ್ರವೇ ಇಲ್ಲದ ಕಾಲದಲ್ಲಿ ಈ ಸಮಸ್ಯೆಯನ್ನು ಕಂಡವರು ಲೂಯಿಸ್ ಫ್ರೈ ರಿಚರ್ಡ್‌ಸನ್ ಎಂಬ ಆಂಗ್ಲ ವಿಜ್ಞಾನಿ. ವಾತಾವರಣವನ್ನು ಚದುರಂಗದ ಹಾಸಿನಂತೆ ಮನೆಮನೆಯಾಗಿ ವಿಭಾಗಿಸಿ, ಒಂದೊಂದು ಮನೆಯ ಒತ್ತಡ, ಉಷ್ಣತೆ, ಗಾಳಿ, ತೇವಗಳನ್ನು ನೆರೆಮನೆಗಳ ಬೆಲೆಗಳ ಸಹಾಯದಿಂದ ಮುಂದಿನ ಹೊತ್ತಿಗೆ ಎಣಿಸುತ್ತ ಹೋದರೆ ಬರಲಿರುವ ಹವೆಯನ್ನು ಹೇಳಬಹುದೆಂಬುದು ಅವರ ಮತ. ಮೊದಲನೆಯ ಮಹಾಯುದ್ಧದಲ್ಲಿ ಫ್ರಾನ್ಸಿನ ರಣರಂಗದಲ್ಲಿ ಗಾಯಾಳುಗಳ ವಾಹನ ನಡೆಸುತ್ತ, ಬಿಡುವಿನ ವೇಳೆಯಲ್ಲಿ ಅವರು 1910ರ ಮೇ 20ರಂದು ಯೂರೋಪಿನಲ್ಲಿದ್ದ ಹವೆಯನ್ನು ಆಧಾರವಾಗಿಟ್ಟುಕೊಂಡು ಆರು ಗಂಟೆಗಳ ಬದಲಾವಣೆಯನ್ನು ಕೈಯಿಂದಲೇ ಎಣಿಸಿದರು. ಅದಕ್ಕೆ ಹೆಚ್ಚುಕಡಿಮೆ ಆರು ವಾರಗಳು ಹಿಡಿದುವು. ಬಂದ ಉತ್ತರವಾದರೋ ಪೂರಾ ತಪ್ಪು: ವಾಯುವಿನ ಒತ್ತಡ ಆರು ಗಂಟೆಗಳಲ್ಲಿ 145 ಮಿಲಿಬಾರ್ ಏರುವುದೆಂದು ಲೆಕ್ಕ ಹೇಳಿತು; ನಿಜವಾಗಿ ಅದು ಹೆಚ್ಚು ಕದಲಿರಲಿಲ್ಲ. ಹಸ್ತಪ್ರತಿ 1917ರ ಯುದ್ಧದ ಗಲಿಬಿಲಿಯಲ್ಲಿ ಕಳೆದುಹೋಗಿ, ಕೆಲವು ತಿಂಗಳ ತರುವಾಯ ಬೆಲ್ಜಿಯಂ ದೇಶದಲ್ಲಿ ಕಲ್ಲಿದ್ದಲ ರಾಶಿಯ ಕೆಳಗೆ ದೊರೆಯಿತು. ತಪ್ಪು ಉತ್ತರವನ್ನು ಮರೆಮಾಚದೆ 1922ರಲ್ಲಿ ಅವರು ಪುಸ್ತಕವಾಗಿ ಪ್ರಕಟಿಸಿದರು.

ಆ ಪುಸ್ತಕದಲ್ಲಿ ಒಂದು ಕಲ್ಪನೆಯಿದೆ. ನಾಟಕಶಾಲೆಯಂತಹ ಒಂದು ಬೃಹತ್ ಸಭಾಂಗಣ. ಗೋಡೆಗಳ ಮೇಲೆಲ್ಲ ಭೂಮಂಡಲದ ನಕ್ಷೆ. ಸುತ್ತಲೂ ಅಂತಸ್ತುಗಳಲ್ಲಿ ಕುಳಿತ 64,000 ಮಂದಿ ಲೆಕ್ಕಿಗರು. ಪ್ರತಿಯೊಬ್ಬರಿಗೂ ನಕ್ಷೆಯ ಒಂದು ತುಂಡಿನ ಒಂದೇ ಸಮೀಕರಣ ಪಾಲಿಗೆ ಬಂದಿದೆ. ಒಬ್ಬೊಬ್ಬರ ಉತ್ತರವೂ ಬೆಳಕಿನ ಫಲಕದ ಮೇಲೆ ಮೂಡುತ್ತದೆ. ಪಕ್ಕದವರು ತಲೆಯೆತ್ತಿ ಅದನ್ನು ಓದಿಕೊಳ್ಳುತ್ತಾರೆ. ನಡುವೆ ಎತ್ತರದ ಕಂಬದ ಮೇಲೆ ನಿಂತ ಮುಖಂಡ, ಮುಂದೋಡಿದವರ ಮೇಲೆ ಗುಲಾಬಿ ಬಣ್ಣದ ಬೆಳಕನ್ನೂ ಹಿಂದುಳಿದವರ ಮೇಲೆ ನೀಲಿ ಬೆಳಕನ್ನೂ ಬೀರುತ್ತ ಎಲ್ಲರನ್ನೂ ಒಂದೇ ತಾಳದಲ್ಲಿ ನಡೆಸುತ್ತಾನೆ. ದೂರಕ್ಕೆ ಹೋಗಬೇಕಾದ ಫಲಿತಾಂಶಗಳನ್ನು ಗಾಳಿಯ ಒತ್ತಡದಿಂದ ಓಡುವ ಕೊಳವೆಗಳಲ್ಲಿ ಕಳುಹಿಸುತ್ತಾರೆ. ವಾಚಕರು ಎರಡು ಸಂಗತಿಗಳನ್ನು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ: ಹತ್ತಿರದವನಿಗೆ ಫಲಕ, ದೂರದವನಿಗೆ ಕೊಳವೆ. ಮಿಶ್ರ ಸಮಾಂತರತೆಯ ಬೀಜ ಇಲ್ಲಿದೆಯೆಂದು ನನ್ನ ಭಾವನೆ.

1950ರಲ್ಲಿ ಅಮೆರಿಕದ ಎನಿಯಾಕ್ ಯಂತ್ರದ ಮೇಲೆ ಚಾರ್ನಿ, ಫ್ಯೋರ್ಟಾಫ್ಟ್, ಫಾನ್ ನಾಯ್ಮನ್ ಎಂಬುವರು ಸರಳಗೊಳಿಸಿದ ಸಮೀಕರಣಗಳಿಂದ ಮೊದಲ ಮುನ್ಸೂಚನೆಯನ್ನು ಎಣಿಸಿದಾಗ, 24 ಗಂಟೆಗಳ ಹವೆಯನ್ನು ತಿಳಿಯಲು ಹೆಚ್ಚುಕಡಿಮೆ 24 ಗಂಟೆಗಳೇ ಬೇಕಾದುವು. ಅಲ್ಲಿಂದ ಮುಂದೆ ಹಲವು ದಶಕಗಳ ಕಾಲ ಒಂದೊಂದು ಯಂತ್ರವೇ ವೇಗವಾಗುತ್ತ ಬಂದಿತು. 2005ರ ಸುಮಾರಿಗೆ ಆ ಓಟ ನಿಂತಿತು. ಗಡಿಯಾರದ ಮಿಡಿತವನ್ನು ಇನ್ನೂ ಹೆಚ್ಚಿಸಿದರೆ ಸಿಲಿಕಾನ್ ಬಿಲ್ಲೆ ತಾಳಲಾರದಷ್ಟು ಕಾಯುತ್ತಿತ್ತು. ಆಗ ತಯಾರಕರು ಒಂದೇ ಬಿಲ್ಲೆಯೊಳಗೆ ಹಲವು ಗಣನ ಘಟಕಗಳನ್ನು ಕೂಡಿಸತೊಡಗಿದರು. ಇವಕ್ಕೆ ‘ಕೋರ್’ ಎಂದು ಹೆಸರು. ಓಡುವವನ ವೇಗ ಹೆಚ್ಚಿಸಲಾಗದೆ ಓಡುವವರ ಸಂಖ್ಯೆ ಹೆಚ್ಚಿಸಿದಂತೆ.

ಹೀಗಾಗಿ ಇಂದಿನ ಮಹಾಗಣಕವನ್ನು ಒಂದು ಯಂತ್ರವೆನ್ನುವುದಕ್ಕಿಂತ ಒಂದು ಊರು ಎನ್ನುವುದು ಮೇಲು. ಊರಿನಲ್ಲಿ ಸಾವಿರಾರು ಕಚೇರಿಗಳು, ಇವು ‘ನೋಡ್’ಗಳು. ಒಂದೊಂದು ಕಚೇರಿಯಲ್ಲೂ ಹತ್ತಾರು ಗುಮಾಸ್ತರು, ಇವರು ಕೋರ್‌ಗಳು. ಕಚೇರಿಯ ಗುಮಾಸ್ತರಿಗೆಲ್ಲ ಸೇರಿ ಒಂದೇ ದೊಡ್ಡ ಲೆಕ್ಕದ ಪುಸ್ತಕವಿದೆ. ಯಾರು ಬೇಕಾದರೂ ಯಾವ ಪುಟವನ್ನಾದರೂ ತೆರೆದು ನೋಡಬಹುದು. ಇದು ನೋಡ್‌ನ ಮೆಮೊರಿ, ಎಂದರೆ ಸ್ಮೃತಿ. ಆದರೆ ಪಕ್ಕದ ಕಚೇರಿಯ ಪುಸ್ತಕದಲ್ಲಿ ಏನಿದೆಯೆಂದು ಇಣುಕುವ ಹಾಗಿಲ್ಲ. ಕಾಗದ ಬರೆದು, ಲಕೋಟೆಗೆ ಹಾಕಿ, ಅಂಚೆಯಲ್ಲಿ ತರಿಸಿಕೊಳ್ಳಬೇಕು. ಲಕೋಟೆಯೊಂದು ತಲುಪಲು ಎಷ್ಟು ಚಿಕ್ಕದಾದರೂ ಒಂದು ಮೈಕ್ರೋಸೆಕೆಂಡಿನ ಆಸುಪಾಸು ಹಿಡಿಯುತ್ತದೆ. ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲೆಂದರೆ ನಮಗೆ ಏನೂ ಅಲ್ಲ. ಸೆಕೆಂಡಿಗೆ 300 ಕೋಟಿ ಬಾರಿ ಮಿಡಿಯುವ ಕೋರ್‌ಗಾದರೋ ಅದು 3,000 ಮಿಡಿತಗಳ ಕಾಲ. ಒಂದೊಂದು ಮಿಡಿತದಲ್ಲೂ ಹಲವು ಗುಣಾಕಾರಗಳನ್ನು ಮಾಡಬಲ್ಲ ಗುಮಾಸ್ತ ಅಷ್ಟು ಹೊತ್ತು ಅಂಚೆಯವನ ದಾರಿ ನೋಡುತ್ತ ಕೂಡಬೇಕು.

ಅಂಚೆಯ ಕ್ರಮಕ್ಕೆ ಎಂ.ಪಿ.ಐ. ಎಂಬ ಒಮ್ಮತದ ನಿಯಮಾವಳಿ 1994ರಲ್ಲಿ ಸಿದ್ಧವಾಯಿತು. ಒಂದೇ ಪುಸ್ತಕವನ್ನು ಹಲವರು ಹಂಚಿಕೊಂಡು ಬರೆಯುವ ಕ್ರಮಕ್ಕೆ ಓಪನ್‌ಎಂಪಿ ಎಂಬುದು 1997ರಲ್ಲಿ ಬಂದಿತು. ಎರಡನ್ನೂ ಸೇರಿಸಿ, ಕಚೇರಿಗಳ ನಡುವೆ ಅಂಚೆ, ಕಚೇರಿಯೊಳಗೆ ಹಂಚಿದ ಪುಸ್ತಕ ಎಂದು ಏರ್ಪಡಿಸುವುದೇ ಮಿಶ್ರ ಕ್ರಮ. ಹೇಳುವುದು ಇಷ್ಟು ಸುಲಭ. ಅದಕ್ಕೆ ತಕ್ಕ ಗಣನಕ್ರಮವನ್ನು, ಎಂದರೆ ಅಲ್ಗಾರಿದಮ್ಮನ್ನು, ಹೆಣೆಯುವುದರಲ್ಲಿ ಕಷ್ಟವೆಲ್ಲ ಇರುವುದು.

ಸಣ್ಣ ಲೆಕ್ಕವೊಂದನ್ನು ಮಾಡೋಣ. ಉದ್ದ 3,200, ಅಗಲ 3,200 ಮನೆಗಳ ಹಾಸೊಂದಿದೆ. ಒಟ್ಟು 1,02,40,000 ಮನೆಗಳು. ಹಾಸಿನ ಎಡದಂಚು ಬಲದಂಚಿಗೂ ಮೇಲಂಚು ಕೆಳಗಿನದಕ್ಕೂ ತಾಗಿವೆಯೆಂದು ಭಾವಿಸಿದರೆ ಲೆಕ್ಕ ಸುಲಭ. ನಮ್ಮಲ್ಲಿ 16 ಕಚೇರಿಗಳಿವೆ, ಕಚೇರಿಗೆ 16 ಗುಮಾಸ್ತರಂತೆ 256 ಗುಮಾಸ್ತರು. ಮೊದಲು ಕಚೇರಿಯ ಭೇದವನ್ನೇ ಮರೆತು ಪ್ರತಿ ಗುಮಾಸ್ತನಿಗೂ ಒಂದು ತುಂಡನ್ನು ಕೊಡೋಣ. ತಲೆಗೆ 40,000 ಮನೆಗಳು. ಉದ್ದುದ್ದ ಪಟ್ಟಿಗಳಾಗಿ ಸೀಳಿದರೆ ಅಂಚು ಬೆಳೆಯುತ್ತದೆ. 200 ಮನೆಗೆ 200 ಮನೆಯ ಚೌಕಗಳಾಗಿ ಕತ್ತರಿಸಿದರೆ ಅಂಚು ಕಡಿಮೆ. ಹೊಲದ ಬೇಲಿಯ ಲೆಕ್ಕವೇ ಇದು. ಚೌಕದ ಅಂಚಿನ ಮನೆಯನ್ನು ಎಣಿಸಬೇಕಾದರೆ ನೆರೆಯ ತುಂಡಿನ ಅಂಚಿನ ಬೆಲೆಗಳು ಕೈಯಲ್ಲಿರಬೇಕು. ಆದುದರಿಂದ ಪ್ರತಿಯೊಬ್ಬನೂ ತನ್ನ ಚೌಕದ ಸುತ್ತ ನೆರೆಯವರ ಬೆಲೆಗಳ ಒಂದು ಸಾಲನ್ನು ನಕಲು ಮಾಡಿ ಇಟ್ಟುಕೊಳ್ಳುತ್ತಾನೆ. ಈ ಸಾಲನ್ನು ನಾನು ‘ಸೆರಗು’ ಎಂದು ಕರೆಯುತ್ತೇನೆ. ಒಬ್ಬನ ಸೆರಗು 800 ಮನೆ. ಹೆಜ್ಜೆಹೆಜ್ಜೆಗೂ ಅದು ಹೊಸದಾಗಿ ಬರಬೇಕು. ಒಟ್ಟು 2,04,800 ಮನೆಗಳ ನಕಲು, 1,024 ಲಕೋಟೆಗಳು.

ಈಗ ಮಿಶ್ರ ಕ್ರಮ. ಹಾಸನ್ನು ಗುಮಾಸ್ತರಿಗಲ್ಲ, ಕಚೇರಿಗಳಿಗೆ ಹಂಚಿ. ಕಚೇರಿಗೆ 800ಕ್ಕೆ 800ರ ಒಂದು ಚೌಕ, ಸೆರಗು 3,200. ಒಟ್ಟು ನಕಲು 51,200. ಲಕೋಟೆಗಳು ಬರಿಯ 64. ಒಳಗಿನ 16 ಜನ ಒಂದೇ ಪುಸ್ತಕದಲ್ಲಿ ಕೆಲಸ ಮಾಡುವುದರಿಂದ ಅವರವರ ನಡುವೆ ಸೆರಗೇ ಬೇಡ.

ಇಲ್ಲಿ ಒಂದು ನ್ಯಾಯದ ಮಾತನ್ನು ಹೇಳಬೇಕು; ಹೈಬ್ರಿಡ್ ಕ್ರಮವನ್ನು ಹೊಗಳುವವರು ಕೆಲವೊಮ್ಮೆ ಇದನ್ನು ನುಂಗಿಕೊಳ್ಳುತ್ತಾರೆ. ಮೊದಲನೆಯ ಕ್ರಮದಲ್ಲಿಯೂ ನೆರೆಹೊರೆಯ 16 ತುಂಡುಗಳನ್ನು ಒಂದೇ ಕಚೇರಿಗೆ ಜಾಣತನದಿಂದ ಸೇರಿಸಿದ್ದರೆ, ಕಚೇರಿಯ ಬಾಗಿಲು ದಾಟಿ ಹೋಗುವ ಬೆಲೆಗಳು ಅಲ್ಲಿಯೂ 3,200 ಮಾತ್ರ. ಉಳಿದ ಲಕೋಟೆಗಳು ಒಳಗಿನ ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗುವಂಥವು. ಅಂದಮೇಲೆ ಹೊರಗಿನ ತಂತಿಯ ಮೇಲೆ ಸರಕು ಕಡಿಮೆಯಾಗಲಿಲ್ಲ. 16 ಲಕೋಟೆಗಳಲ್ಲಿ ಹೋಗುತ್ತಿದ್ದುದು 4ರಲ್ಲಿ ಹೋಗುತ್ತದೆ, ನಕಲಿಗೆ ತಗಲುವ ಸ್ಮೃತಿ ಉಳಿಯುತ್ತದೆ. ಲಾಭವಿರುವುದು ಇದರಲ್ಲಿ. ಅಂಚೆಚೀಟಿಯ ಬೆಲೆ ಕಾಗದದ ತೂಕಕ್ಕಿಂತ ಹೆಚ್ಚಾಗಿರುವ ಕಡೆ ಇದು ದೊಡ್ಡ ಲಾಭ. ತೂಕವೇ ಹೆಚ್ಚಿರುವ ಕಡೆ ಅಲ್ಪ ಲಾಭ.

ಮತ್ತೊಂದು ಉಪಾಯ ನನಗೆ ಬಹಳ ಹಿಡಿಸಿತು. 800ಕ್ಕೆ 800ರ ಚೌಕದಲ್ಲಿ ಅಂಚಿನ ಮನೆಗಳು 3,196 ಮಾತ್ರ, ನೂರಕ್ಕೆ ಅರ್ಧದಷ್ಟು. ನೆರೆಯ ಬೆಲೆಗಳಿಗಾಗಿ ಕಾಯಬೇಕಾದವು ಅವಷ್ಟೆ. ಉಳಿದ 6,36,804 ಮನೆಗಳಿಗೆ ಅಂಚೆಯ ಹಂಗಿಲ್ಲ. ಆದಕಾರಣ ಮೊದಲು ಲಕೋಟೆಗಳನ್ನು ರವಾನಿಸಿ, ಅವು ದಾರಿಯಲ್ಲಿರುವಾಗಲೇ ಒಳಗಿನ ಮನೆಗಳನ್ನು ಎಣಿಸಿ, ಉತ್ತರಗಳು ಬಂದ ಮೇಲೆ ಅಂಚನ್ನು ಮುಗಿಸಬೇಕು. ಅನ್ನಕ್ಕಿಟ್ಟ ನೀರು ಕಾಯುವಷ್ಟರಲ್ಲಿ ಅಕ್ಕಿಯನ್ನು ಆರಿಸಿಡುವ ಗೃಹಿಣಿಗೆ ಈ ಅಲ್ಗಾರಿದಂ ಹೊಸತಲ್ಲ.

ಒಂದೇ ಪುಸ್ತಕದಲ್ಲಿ ಹಲವರು ಬರೆಯುವಾಗಿನ ಅಪಾಯಗಳು ಬೇರೆ. ಮೊತ್ತದ ಕಾಲಂನಲ್ಲಿ 40 ಎಂದಿದೆ. ಒಬ್ಬ ಅದನ್ನು ಓದಿಕೊಂಡು 5 ಕೂಡಿಸಹೊರಟ; ಅವನು ಬರೆಯುವ ಮುನ್ನವೇ ಇನ್ನೊಬ್ಬನೂ 40ನ್ನೇ ಓದಿ 3 ಕೂಡಿಸಿದ. ಕೊನೆಗೆ ಪುಸ್ತಕದಲ್ಲಿ 45 ಅಥವಾ 43 ಉಳಿಯುತ್ತದೆಯೇ ವಿನಾ 48 ಅಲ್ಲ. ಕೆಟ್ಟ ಸಂಗತಿಯೆಂದರೆ ಇದು ಎಲ್ಲ ಸಾರಿಯೂ ಆಗುವುದಿಲ್ಲ. ನೂರು ಸಲ ಸರಿಯಾಗಿದ್ದು ನೂರೊಂದನೆಯ ಸಲ ಕೈಕೊಡುತ್ತದೆ. ಸರದಿಯ ನಿಯಮ ಹಾಕಿದರೆ ತಪ್ಪು ನಿಲ್ಲುತ್ತದೆ, ಆದರೆ ಎಲ್ಲರೂ ಸರದಿಯಲ್ಲಿ ನಿಲ್ಲುತ್ತಾರೆ. ಒಬ್ಬೊಬ್ಬನೂ ತನ್ನ ಪಾಲಿನ ಮೊತ್ತವನ್ನು ಬೇರೆ ಚೀಟಿಯಲ್ಲಿ ಕೂಡಿಸಿಕೊಂಡು ಕೊನೆಗೊಮ್ಮೆ ಒಟ್ಟುಗೂಡಿಸುವುದು ಉತ್ತಮ ಮಾರ್ಗ.

ಸ್ಥಳದ ಪ್ರಶ್ನೆಯೂ ಇದೆ. ಕಚೇರಿಯ ಪುಸ್ತಕ ಒಂದೇ ಎಂದೆನಲ್ಲ. ನಿಜವಾಗಿ ಅದರ ಸಂಪುಟಗಳು ಕೋಣೆಯ ಬೇರೆ ಬೇರೆ ಮೂಲೆಗಳಲ್ಲಿವೆ. ಹತ್ತಿರದ ಸಂಪುಟ ಬೇಗ ಸಿಗುತ್ತದೆ, ಆಚೆ ಮೂಲೆಯದಕ್ಕೆ ಎದ್ದು ಹೋಗಬೇಕು. ಅನೇಕ ಯಂತ್ರಗಳಲ್ಲಿ ಒಂದು ಪುಟವನ್ನು ಯಾರು ಮೊದಲು ಮುಟ್ಟುವರೋ ಅವರ ಮೂಲೆಯಲ್ಲಿ ಅದು ನೆಲೆಸುತ್ತದೆ. ಆರಂಭದಲ್ಲಿ ಎಲ್ಲ ಪುಟಗಳಿಗೂ ಸೊನ್ನೆ ಬರೆಯುವ ಕೆಲಸವನ್ನು ಒಬ್ಬನಿಗೇ ಒಪ್ಪಿಸಿದರೆ ಪುಸ್ತಕವೆಲ್ಲ ಅವನ ಮೂಲೆ ಸೇರಿ, ಮಿಕ್ಕವರು ದಿನವಿಡೀ ಅತ್ತಿಂದಿತ್ತ ಓಡಾಡುತ್ತಾರೆ.

ಇನ್ನು ಆಮ್ಡಾಲ್ ಸೂತ್ರ. ಜೀನ್ ಆಮ್ಡಾಲ್ ಎಂಬ ತಜ್ಞರು 1967ರಲ್ಲಿ ತೋರಿಸಿಕೊಟ್ಟುದು ಇಷ್ಟೆ: ಕೆಲಸದಲ್ಲಿ ಹಂಚಲಾಗದ ಭಾಗವೊಂದು ಇದ್ದರೆ ಅದೇ ಕೊನೆಗೆ ಎಲ್ಲರನ್ನೂ ತಡೆಯುತ್ತದೆ. ನೂರಕ್ಕೆ 5ರಷ್ಟನ್ನು ಒಬ್ಬನೇ ಮಾಡಬೇಕಾಗಿದ್ದರೆ, 16 ಗುಮಾಸ್ತರಿಂದ ಬರುವ ವೇಗ 16 ಪಟ್ಟಲ್ಲ, 9.14 ಪಟ್ಟು. ಗುಮಾಸ್ತರು ಎಷ್ಟೇ ಲಕ್ಷವಾದರೂ 20 ಪಟ್ಟನ್ನು ಮೀರದು. ಮಿಶ್ರ ಕ್ರಮವನ್ನು ಅವಸರದಲ್ಲಿ ಅಳವಡಿಸಿದವರು ಮುಗ್ಗರಿಸುವುದು ಇಲ್ಲಿಯೇ. ಹಳೆಯ ಕಾರ್ಯಕ್ರಮದ ದೊಡ್ಡ ದೊಡ್ಡ ಆವರ್ತನೆಗಳನ್ನು ಮಾತ್ರ 16 ಜನರಿಗೆ ಹಂಚಿ, ಲಕೋಟೆ ಬರೆಯುವುದು, ತೆರೆಯುವುದು, ಜೋಡಿಸುವುದು ಇವನ್ನೆಲ್ಲ ಹಿರಿಯ ಗುಮಾಸ್ತನೊಬ್ಬನಿಗೇ ಬಿಟ್ಟರೆ, ಆ ಹೊತ್ತಿನಲ್ಲಿ ಹದಿನೈದು ಮಂದಿ ಕೈಕಟ್ಟಿ ಕೂಡುತ್ತಾರೆ. ಅಂತಹ ಕಡೆ ಬರಿಯ ಅಂಚೆಯ ಕ್ರಮವೇ ಗೆದ್ದ ದೃಷ್ಟಾಂತಗಳಿವೆ. ಎರಡು ಒಳ್ಳೆಯ ಪದ್ಧತಿಗಳನ್ನು ಕೂಡಿಸಿದ ಮಾತ್ರಕ್ಕೆ ಮೂರನೆಯ ಒಳ್ಳೆಯ ಪದ್ಧತಿ ಹುಟ್ಟುವುದಿಲ್ಲ.

ಹಾಗಾದರೆ ಮಿಶ್ರ ಕ್ರಮ ನಿಜವಾಗಿ ಗೆಲ್ಲುವುದೆಲ್ಲಿ? ಕೆಲಸದ ಭಾರ ಸಮನಾಗಿಲ್ಲದ ಕಡೆ. ಆಗುಂಬೆಯ ಮೇಲೆ ಮುಗಿಲು ಕವಿದು ಸುರಿಯುವ ದಿನ ಚಿತ್ರದುರ್ಗದಲ್ಲಿ ಬಿಸಿಲಿರಬಹುದು. ಮೋಡ ಕಟ್ಟಿ ಮಳೆಯಾಗುವ ಮನೆಗೆ ಲೆಕ್ಕ ಹೆಚ್ಚು, ಒಣ ಆಕಾಶಕ್ಕೆ ಕಡಿಮೆ. ಸೂರ್ಯನ ಬೆಳಕಿನ ಲೆಕ್ಕವಂತೂ ಹಗಲಿರುವ ಕಡೆ ಮಾತ್ರ. ಒಬ್ಬೊಬ್ಬನಿಗೆ ಒಂದು ತುಂಡನ್ನು ಶಾಶ್ವತವಾಗಿ ಬರೆದುಕೊಟ್ಟರೆ ಮಳೆಯ ತುಂಡು ಸಿಕ್ಕಿದವನು ಬೆವರುತ್ತಾನೆ, ಮಿಕ್ಕವರು ಅವನಿಗಾಗಿ ಕಾಯುತ್ತಾರೆ. ತುಂಡುಗಳನ್ನು ಅಂಚೆಯಲ್ಲಿ ಮರುಹಂಚುವುದು ದುಬಾರಿ. ಕಚೇರಿಯೊಳಗಾದರೆ, ಕೆಲಸವನ್ನು ಸಣ್ಣ ಸಣ್ಣ ಕಂತೆ ಮಾಡಿ ಮೇಜಿನ ಮೇಲಿಟ್ಟು, ಮುಗಿಸಿದವನು ಮುಂದಿನ ಕಂತೆ ಎತ್ತಿಕೊಳ್ಳಲಿ ಎಂದರಾಯಿತು. ಪುಸ್ತಕ ಎಲ್ಲರದೂ ಆದುದರಿಂದ ಏನನ್ನೂ ಸಾಗಿಸಬೇಕಾಗಿಲ್ಲ.

ಎಲ್ಲರೂ ಎಲ್ಲರೊಡನೆ ಮಾತಾಡಬೇಕಾದ ಕಡೆಯಂತೂ ಇದರ ಗೆಲುವು ಸ್ಪಷ್ಟ. ಜಗತ್ತಿನ ಕೆಲವು ಮುಖ್ಯ ಹವಾಮಾನ ಮಾದರಿಗಳು ನಾನು ಹೇಳಿದ ನೆರೆಮನೆಯ ಕ್ರಮದಲ್ಲಿ ನಡೆಯುವುದಿಲ್ಲ. ವಾತಾವರಣದ ಸ್ಥಿತಿಯನ್ನು ಭೂಮಿಯನ್ನು ಸುತ್ತುವ ಅನೇಕ ಅಲೆಗಳ ಮೊತ್ತವೆಂದು ಎಣಿಸುತ್ತವೆ. ಅಲೆ ಇಡೀ ಭೂಮಂಡಲಕ್ಕೆ ಸೇರಿದುದು. ಅದನ್ನು ಬಿಡಿಸಲು ಪ್ರತಿ ಹೆಜ್ಜೆಯಲ್ಲೂ ಎಲ್ಲರ ಅಂಕಿಗಳೂ ಎಲ್ಲರಿಗೂ ಹಂಚಿಕೆಯಾಗಬೇಕು. 256 ಗುಮಾಸ್ತರು ತಮ್ಮತಮ್ಮಲ್ಲೇ ಕಾಗದ ಬರೆದರೆ 256 ಗುಣಿಸು 255, ಎಂದರೆ 65,280 ಲಕೋಟೆಗಳು. ಅದೇ 16 ಕಚೇರಿಗಳು ಬರೆದರೆ 240. ಯೂರೋಪಿನ ಮಧ್ಯಮಾವಧಿ ಮುನ್ಸೂಚನಾ ಕೇಂದ್ರದ ಮಾದರಿ ಈ ಅಲೆಯ ವಿಧಾನದ್ದು. ಅದು ಅಂಚೆಯನ್ನೂ ಹಂಚಿದ ಪುಸ್ತಕವನ್ನೂ ಕೂಡಿಸಿಯೇ ನಡೆಯುತ್ತದೆ.

ನಮ್ಮ ದೇಶದ ಮಟ್ಟಿಗೆ ಈ ವಿದ್ಯೆಯ ಮೊದಲ ಹೆಜ್ಜೆಗಳಲ್ಲೊಂದು ಬೆಂಗಳೂರಿನಲ್ಲಿ ಬಿದ್ದಿತೆಂಬುದನ್ನು ಇಲ್ಲಿ ನೆನೆಯಬೇಕು. ಎನ್.ಎ.ಎಲ್. ಸಂಸ್ಥೆಯವರು ದ್ರವ, ಅನಿಲಗಳ ಚಲನೆಯನ್ನು ಎಣಿಸಲು ‘ಫ್ಲೋಸಾಲ್ವರ್’ ಎಂಬ ಸಮಾಂತರ ಯಂತ್ರವನ್ನು 1986ರಲ್ಲಿಯೇ ನಡೆಸಿದರು. ಪುಣೆಯ ಸಿ-ಡ್ಯಾಕ್ ಸಂಸ್ಥೆಯ ‘ಪರಮ್ 8000’ ಬಂದುದು 1991ರಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಸ್ಥಾಪಿತವಾದ ‘ಪರಮ್ ಪ್ರವೇಗ’ದ ಸಾಮರ್ಥ್ಯ 3.3 ಪೆಟಾಫ್ಲಾಪ್, ಪೆಟಾ ಎಂದರೆ 1ರ ಮುಂದೆ 15 ಸೊನ್ನೆ, ಅಷ್ಟು ಲೆಕ್ಕ ಒಂದು ಸೆಕೆಂಡಿಗೆ. ಪುಣೆಯ ಉಷ್ಣವಲಯ ಪವನಶಾಸ್ತ್ರ ಸಂಸ್ಥೆಗೆ 2024ರಲ್ಲಿ ‘ಅರ್ಕ’ ಎಂಬ ಯಂತ್ರ ಬಂದಿತು. 2025ರ ಮೇ ತಿಂಗಳಲ್ಲಿ ಸುಮಾರು 6 ಕಿಲೋಮೀಟರ್ ಮನೆಯ ‘ಭಾರತ್ ಫೋರ್‌ಕಾಸ್ಟ್ ಸಿಸ್ಟಂ’ ಬಳಕೆಗೆ ಬಂದಿತು. ಅದಕ್ಕೆ ಮುಂಚೆ ಮನೆ 12 ಕಿಲೋಮೀಟರಿನದು. ಅರ್ಧಕ್ಕಿಳಿಸಿದ್ದು ತಾನೇ ಎನ್ನುವಂತಿಲ್ಲ. ಮನೆ ಅರ್ಧವಾದರೆ ಉದ್ದಗಲಗಳಲ್ಲಿ ಮನೆಗಳು ನಾಲ್ಕು ಪಟ್ಟು. ಸಣ್ಣ ಮನೆಗಳಲ್ಲಿ ಸಾಮಾನ್ಯವಾಗಿ ಕಾಲದ ಹೆಜ್ಜೆಯನ್ನೂ ಅರ್ಧ ಮಾಡಬೇಕಾಗುವುದರಿಂದ ಕೆಲಸ ಎಂಟು ಪಟ್ಟು. ಗಡುವು ಮಾತ್ರ ಅದೇ. ಒಂದು ಹೋಬಳಿಯ ಮಳೆಯನ್ನು ಪಕ್ಕದ ಹೋಬಳಿಯದರಿಂದ ಬೇರ್ಪಡಿಸಿ ಹೇಳುವ ಆಸೆಗೆ ಇದು ತೆರಬೇಕಾದ ಬೆಲೆ.

ಈಚೆಗೆ ಮೂರನೆಯ ಅಂತಸ್ತೊಂದು ಸೇರಿದೆ. ಚಿತ್ರಗಳನ್ನು ಪರದೆಯ ಮೇಲೆ ಮೂಡಿಸಲೆಂದು ಹುಟ್ಟಿದ ಜಿ.ಪಿ.ಯು. ಎಂಬ ಬಿಲ್ಲೆಗಳು, ಒಂದೇ ಬಗೆಯ ಲೆಕ್ಕವನ್ನು ಸಾವಿರಾರು ಅಂಕಿಗಳ ಮೇಲೆ ಏಕಕಾಲಕ್ಕೆ ಮಾಡಬಲ್ಲವು. ಕವಾಯತಿನ ಸಿಪಾಯಿಗಳಂತೆ ಇವು. ಎಲ್ಲರಿಗೂ ಒಂದೇ ಆಜ್ಞೆಯಾದರೆ ಅದ್ಭುತ, ‘ನೀನು ಎಡಕ್ಕೆ, ಅವನು ಬಲಕ್ಕೆ’ ಎಂದರೆ ಒಂದು ಗುಂಪು ನಡೆಯುವಾಗ ಇನ್ನೊಂದು ನಿಂತಿರಬೇಕು. ಅಲ್ಲದೆ ಅನೇಕ ಯಂತ್ರಗಳಲ್ಲಿ ಇವಕ್ಕೆ ತಮ್ಮದೇ ಬೇರೆ ಪುಸ್ತಕ. ಹೆಜ್ಜೆಹೆಜ್ಜೆಗೂ ಅಂಕಿಗಳನ್ನು ಅತ್ತ ಒಯ್ದು ಇತ್ತ ತಂದರೆ ಗಳಿಸಿದ ವೇಗವೆಲ್ಲ ಸಾಗಾಣಿಕೆಯಲ್ಲಿ ಸೋರಿಹೋಗುತ್ತದೆ. ಅಂಕಿಗಳನ್ನು ಒಮ್ಮೆ ಅಲ್ಲಿ ಇಳಿಸಿದ ಮೇಲೆ ಇಡೀ ಲೆಕ್ಕವನ್ನು ಅಲ್ಲಿಯೇ ನಡೆಸಿ, ಸೆರಗನ್ನು ಮಾತ್ರ ಹೊರಕ್ಕೆ ಕಳುಹಿಸುವಂತೆ ಕ್ರಮವನ್ನು ಮತ್ತೆ ಹೆಣೆಯಬೇಕು.

ಅಮೆರಿಕದ ಓಕ್ ರಿಜ್ ಪ್ರಯೋಗಾಲಯದ ‘ಫ್ರಾಂಟಿಯರ್’ ಈ ಮೂರು ಅಂತಸ್ತುಗಳಿಗೆ ಒಳ್ಳೆಯ ಉದಾಹರಣೆ. 2022ರಲ್ಲಿ ಸೆಕೆಂಡಿಗೆ 1ರ ಮುಂದೆ 18 ಸೊನ್ನೆಗಳಷ್ಟು ಲೆಕ್ಕದ ಗಡಿಯನ್ನು ಜಾಗತಿಕ ಪಟ್ಟಿಯಲ್ಲಿ ಮೊದಲು ದಾಟಿದ ಯಂತ್ರ ಅದು. ಆ ಪರೀಕ್ಷೆಯಲ್ಲಿ ಸುಮಾರು 21 ಮೆಗಾವಾಟ್ ವಿದ್ಯುತ್ತನ್ನು ಬಳಸಿತು. ಇಷ್ಟು ವಿದ್ಯುತ್ತು ಉರಿಯುತ್ತಿರುವಾಗ ಗುಮಾಸ್ತರು ಕಾಯುತ್ತ ಕುಳಿತರೆ ನಷ್ಟ ಕಾಲದ್ದಷ್ಟೇ ಅಲ್ಲ. ಅದರ 9,400ಕ್ಕೂ ಮಿಕ್ಕ ಕಚೇರಿಗಳಲ್ಲಿ ಒಂದೊಂದರಲ್ಲೂ 64 ಗುಮಾಸ್ತರು, ನಾಲ್ಕು ಜಿ.ಪಿ.ಯು. ಬಿಲ್ಲೆಗಳು, ಬಿಲ್ಲೆಯೊಂದು ಎರಡು ಹೋಳಾಗಿರುವುದರಿಂದ ಎಂಟೆಂದೇ ಎಣಿಕೆ. ಹಾಗಾದರೆ ಕಚೇರಿಗೆ ಎಷ್ಟು ತುಂಡು ಕೊಡಬೇಕು, 64ನ್ನೋ, ಒಂದನ್ನೋ? ಇದನ್ನು ಸೂತ್ರದಿಂದ ತೀರ್ಮಾನಿಸುವವರು ಕಡಿಮೆ. ನಡುವಣ ಸಂಖ್ಯೆಗಳನ್ನೆಲ್ಲ ನಡೆಸಿ ನೋಡಿ, ಗಡಿಯಾರ ನೋಡಿ ಆರಿಸುತ್ತಾರೆ. ಅಲ್ಲಿ ಸಾಮಾನ್ಯವಾಗಿ ರೂಢಿಯಲ್ಲಿರುವುದು ಎಂಟು: ಬಿಲ್ಲೆಯ ಹೋಳಿಗೊಂದು ತುಂಡು, ತುಂಡಿಗೆ ಏಳು ಗುಮಾಸ್ತರು. ಏಳೆಂಟಲ 56 ಆಯಿತು. ಉಳಿದ ಎಂಟು ಮಂದಿಯನ್ನು ಲೆಕ್ಕಕ್ಕೆ ಹಚ್ಚುವುದಿಲ್ಲ. ಯಂತ್ರದ ಮನೆವಾರ್ತೆಯ ಚಿಲ್ಲರೆ ಕೆಲಸಗಳು ಲೆಕ್ಕ ಮಾಡುವವರನ್ನು ನಡುವೆ ಎಬ್ಬಿಸದಿರಲೆಂದು ಅವರನ್ನು ಬೇರೆಯಾಗಿಯೇ ಇರಿಸಿರುತ್ತಾರೆ.